ತಿರುಗುಗುಡ್ಡೆಯ ಇಗರ್ಜಿ

ಘಟ್ಟದ ಬುಡದ ತಿರುಗುಗುಡ್ಡೆಗೆ ಹೊಸದಾಗಿ ಬಂದವರು ಮಾಡುವ ತಪ್ಪು ಒಂದೇ. ರಸ್ತೆಗೆ ಮುಖ ಮಾಡಿದ ಇಗರ್ಜಿಯ ದೊಡ್ಡ ಬಾಗಿಲನ್ನು ಕಂಡು ನೇರ ಹೋಗಿ ತಟ್ಟುತ್ತಾರೆ. ಬೀಟೆ ಮರದ ಆ ಬಾಗಿಲು ತೆರೆಯುವುದಿಲ್ಲ. ಒಳಗಿನಿಂದ ಯಾರಾದರೂ "ಸುತ್ತಿ ಬನ್ನಿ" ಎಂದು ಕೂಗುತ್ತಾರೆ. ಆಗ ಮುರಕಲ್ಲಿನ ಗೋಡೆಗುಂಟ ನಡೆದು, ಹಿಂಬದಿಯ ಕಿರುಬಾಗಿಲಲ್ಲಿ ತಲೆ ತಗ್ಗಿಸಿ ಒಳಹೋಗಬೇಕು. ಹಿಂದೆ ಒಮ್ಮೆ, ಮಂಜು ಕವಿದ ಮುಂಜಾವಿನಲ್ಲಿ, ಗುಡ್ಡೆಯೇ ಇಗರ್ಜಿಯನ್ನು ಹೊತ್ತುಕೊಂಡು ನಿದ್ದೆಯಲ್ಲಿ ಮಗ್ಗುಲಾದಂತೆ ತಿರುಗಿತು, ಅದಕ್ಕೇ ಈ ಹೆಸರು ಎನ್ನುತ್ತಾರೆ. ಎನ್ನಲಿ ಬಿಡಿ. ಗುಡ್ಡೆ ತಿರುಗುವುದುಂಟೇ? ನನ್ನ ಅಜ್ಜಿ ಹೇಳಿದ್ದನ್ನು ನಾನು ಹೇಳುತ್ತೇನೆ.

ಇಗರ್ಜಿ ಕಟ್ಟಿಸಿದವನು ತೋಟ ಮಾಡಲು ಬಂದ ಒಬ್ಬ ಬಿಳಿಯ ದೊರೆ. ತನ್ನ ಕುದುರೆಗಾಡಿ ಹೊಸ್ತಿಲಿಗೇ ಬಂದು ನಿಲ್ಲಲೆಂದು ರಸ್ತೆಯಿರುವ ಪೂರ್ವಕ್ಕೆ ಬಾಗಿಲಿಟ್ಟ; ಪೂಜಾಪೀಠ ಪಶ್ಚಿಮದ ಗೋಡೆಗೆ ಹೋಯಿತು. ದೊರೆ ಹೋದ, ಬಾವಲಿಗಳು ಬಂದವು. ಆಮೇಲೆ ಬಂದವರು ಮರಗೆಣಸಿನ ಕಡ್ಡಿಗಳ ಹೊರೆ ಹೊತ್ತ ತಿರುವಾಂಕೂರಿನ ಸುರಿಯಾನಿ ಕ್ರೈಸ್ತರು. ಗುಡಿಸಲು ಎಬ್ಬಿಸುವ ಮೊದಲೇ ಅವರಿಗೆ ಚಳಿಜ್ವರ ಬಡಿಯಿತು. ಎಲ್ಲರೂ ಆ ಹಾಳು ಕಟ್ಟಡದಲ್ಲೇ ಚಾಪೆ ಹಾಸಿದರು. ಶೋಶಮ್ಮ ಎಂಬವಳ ಗಂಡ ಉಲಹನ್ನಾನ್ ತೆರೆದ ಬಾಗಿಲ ಎದುರು ಮಲಗಿ, ಸೂರ್ಯ ಹುಟ್ಟುವುದನ್ನು ನೋಡುತ್ತಲೇ ಪ್ರಾಣ ಬಿಟ್ಟ. ಅವನು ನೋಡುತ್ತಿದ್ದ ಕಡೆಗೇ, ಹೊಸ್ತಿಲಾಚೆ, ಅವನನ್ನು ಮಣ್ಣು ಮಾಡಿದರು.

ವರ್ಷಗಳು ಕಳೆದು ಆ ಜನಕ್ಕೊಬ್ಬ ಪಾದ್ರಿ ಬಂದರು, ಗೀವರ್ಗೀಸ್ ಅಚ್ಚನ್. ಒಳ್ಳೆಯವರೇ, ಆದರೆ ಹಿಡಿದದ್ದೇ ಹಟ. ಕ್ರಿಸ್ತ ಮರಳಿ ಬರುವುದು ಪೂರ್ವದಿಂದ, ಆದ್ದರಿಂದ ಪೂರ್ವಕ್ಕೆ ಮುಖ ಮಾಡಿಯೇ ಪೂಜೆ ನಡೆಯಬೇಕು ಎಂಬುದು ಆ ಜನರ ಕಟ್ಟಳೆ. ಈ ಕಟ್ಟಡ ಆಗದು, ಕೆಡವಿ ಅಂಗಳದವರೆಗೆ ಚಾಚಿ ಹೊಸದು ಕಟ್ಟೋಣ ಎಂದರು ಅಚ್ಚನ್. ಅಡಿಪಾಯಕ್ಕೆ ಹಗ್ಗ ಹಿಡಿದಾಗ ಅದು ಉಲಹನ್ನಾನನ ಸಮಾಧಿಯ ಮೇಲೆಯೇ ಹಾದುಹೋಯಿತು. "ಎಲುಬುಗಳನ್ನು ಗೌರವದಿಂದ ಬೇರೆ ಕಡೆ ಇಡೋಣ" ಎಂದರು. ಶೋಶಮ್ಮ ಹಗ್ಗಕ್ಕೆ ಅಡ್ಡ ನಿಂತಳು. "ನಾವು ಜ್ವರದಲ್ಲಿ ನಡುಗುವಾಗ ಈ ಗೋಡೆ ನಮ್ಮ ದಿಕ್ಕು ಕೇಳಿತ್ತಾ, ಅಚ್ಚಾ?" ಎಂದಳಂತೆ. ಆದರೂ ಮರುದಿನ ಹಾರೆ ಪಿಕಾಸಿಗಳು ಬಂದೇ ಬಂದವು.

ಆ ಮುಂಜಾವು ಮಂಜಿನಲ್ಲಿ ಮರವಿಲ್ಲ, ರಸ್ತೆಯಿಲ್ಲ. ಹಾಡೊಂದು ಮಾತ್ರ ತೇಲಿಬರುತ್ತಿತ್ತು. ದೊಡ್ಡ ಬಾಗಿಲು ಹಾರುಹೊಡೆದಿತ್ತು. ಒಳಗೆ ಶೋಶಮ್ಮ ತಲೆಗೆ ಸೆರಗು ಹೊದ್ದು, ಗಂಡ ಮಲಗಿದ್ದ ಜಾಗದಲ್ಲೇ ನಿಂತು, ಹೊರಗೆ ನೋಡುತ್ತ ಹಾಡುತ್ತಿದ್ದಳು. ಮಂಜು ಅವಳ ಕಾಲಬಳಿ ಹರಿದಾಡುತ್ತಿತ್ತು.

"ಅಯ್ಯೋ ಶೋಶಮ್ಮಾ, ಪೀಠಕ್ಕೆ ಬೆನ್ನು ಹಾಕಿ ನಿಂತಿದ್ದೀಯಲ್ಲ!" ಎಂದರು ಅಚ್ಚನ್.

"ಪೂರ್ವಕ್ಕೆ ಮುಖ ಮಾಡಿ ನಿಂತಿದ್ದೇನೆ, ಅಚ್ಚಾ. ನಾವು ತಿರುಗಿದರೆ ಸಾಲದಾ? ಗೋಡೆ ಯಾಕೆ ಬೀಳಬೇಕು?"

ಆಗಲೇ ಮಂಜು ಸೀಳಿ ಸೂರ್ಯ ಬಂದ. ಸಮಾಧಿಯ ಮೇಲಿಂದ ಹಾದು ಬೆಳಕು ಅವಳ ಮುಖಕ್ಕೆ ಬಿತ್ತು. ಅಚ್ಚನ್ ಒಳಗೆ ಬಂದು ಅವಳ ಪಕ್ಕದಲ್ಲಿ ಪೂರ್ವಕ್ಕೆ ತಿರುಗಿ ನಿಂತರು. ಕೆಡವಲು ಬಂದವರೂ ಹಾರೆ ಕೆಳಗಿಟ್ಟು ಹಿಂದೆ ಬಂದು ನಿಂತರು. ಹಾಡು ಮುಗಿದ ಮೇಲೆ ಅಚ್ಚನ್ ಮೆಲ್ಲಗೆ ಹೇಳಿದರು: "ಪೀಠ ಇಲ್ಲಿಗೆ ಬಂದರೆ ಈ ಬಾಗಿಲು ಮುಚ್ಚಬೇಕು. ಆಮೇಲೆ ಒಳಗಿಂದ ನಿನಗೆ ಉಲಹನ್ನಾನ್ ಕಾಣುವುದಿಲ್ಲ." ಶೋಶಮ್ಮ ಅತ್ತಳು. ಅತ್ತು ಮುಗಿಸಿ, ತಾನೇ ಬಾಗಿಲೆಳೆದು ಅಗುಳಿ ಹಾಕಿದಳು. ಪೀಠವನ್ನು ಆ ಬಾಗಿಲ ಬಳಿಗೆ ತಂದು, ಅದು ಮೊದಲಿದ್ದ ಹಿಂಗೋಡೆಯಲ್ಲಿ ಅದೇ ಹಾರೆಗಳಿಂದ ಕಿರುಬಾಗಿಲು ಕೊರೆದರು.

ಇಂದಿಗೂ ಬೆಳಗಿನ ಪೂಜೆಯ ಹೊತ್ತಿಗೆ ಆ ಬಾಗಿಲ ಸಂದಿನಿಂದ ಬೆಳಕಿನ ಒಂದು ಗೆರೆ ಒಳಬಂದು, ಅಂದು ಚಾಪೆಯಿದ್ದ ಕಡೆ ನೆಲಕ್ಕೆ ಬೀಳುವುದನ್ನು ಕಾಣಬಹುದು. ಅಲ್ಲಿ ಯಾರೂ ಕಾಲಿಡುವುದಿಲ್ಲ. "ಗಟ್ಟಿಗಿತ್ತಿ ಕಣೋ, ಇಡೀ ಇಗರ್ಜಿಯನ್ನೇ ಗಂಡನ ಕಡೆಗೆ ತಿರುಗಿಸಿಬಿಟ್ಟಳು" ಎಂದು ಅಜ್ಜಿ ನಗುತ್ತಿದ್ದಳು. ಹೊರಗೆ ಹೊಸ್ತಿಲಾಚೆ ಈಗ ಎರಡು ಕಲ್ಲುಗಳಿವೆ. ದೊಡ್ಡ ಬಾಗಿಲು ತಟ್ಟಲು ಹೋಗುವವರು ಕೊಂಚ ಕಾಲಬುಡ ನೋಡಿಕೊಂಡು ನಡೆಯಿರಿ. ಅಲ್ಲಿ ಇಬ್ಬರು ಮಲಗಿದ್ದಾರೆ.