ಕೋಳಿ ಕಾಳನ್ನು ಎತ್ತಿ ಎತ್ತಿ ಕೆಳಗೆ ಹಾಕುವುದೇಕೆ

ನೆಲ ಇನ್ನೂ ಹಸಿಯಾಗಿದ್ದ, ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ನೋಡಿಕೊಳ್ಳುತ್ತಿದ್ದ ಕಾಲ ಅದು. ಬಿತ್ತುವವರು ಯಾರೂ ಇರಲಿಲ್ಲ. ರಾಗಿ ತನ್ನ ಪಾಡಿಗೆ ತಾನು ಬೆಳೆದು, ತನ್ನ ಪಾಡಿಗೆ ತಾನು ಉದುರುತ್ತಿತ್ತು.

ಆಗ ಒಂದು ಚುಕ್ಕಿಕೋಳಿ ಇತ್ತು. ಅದಕ್ಕೆ ಹನ್ನೊಂದು ಮರಿ. ಯಾವುದು ತಿನ್ನುವಂಥದ್ದು, ಯಾವುದು ಕೊಲ್ಲುವಂಥದ್ದು ಅನ್ನೋದು ಕೋಳಿಗೆ ನೋಡಿದರೇ ಗೊತ್ತಾಗುತ್ತಿತ್ತು. ಮರಿಗಳಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಕೋಳಿ ಪಾಠ ಹೇಳುತ್ತಿತ್ತು.

ಆಗಿನ ಕೋಳಿಗಳ ಪದ್ಧತಿಯೇ ಹಾಗೆ. ಬೆಳಗಾದರೆ ತಾಯಿಕೋಳಿ ಕಲ್ಲು ಹತ್ತಿ ಕೂರುತ್ತಿತ್ತು, ಮರಿಗಳು ಕೆಳಗೆ ಸಾಲಾಗಿ ನಿಲ್ಲುತ್ತಿದ್ದವು. ಬಾಯಿಪಾಠ ಮುಗಿದ ಮೇಲೆ ಮರಿಗಳು ಒಂದು ಕಡೆ ಮೇಯಲು ಹೋದರೆ ತಾಯಿ ಇನ್ನೊಂದು ಕಡೆ. ಪಾಠ ಹೇಳಿದ ಮೇಲೂ ಮಕ್ಕಳ ಹಿಂದೆ ತಿರುಗುವ ಕೋಳಿಯನ್ನು ಮಿಕ್ಕವು ಆಡಿಕೊಂಡು ನಗುತ್ತಿದ್ದವು.

"ಸಣ್ಣಗಿರಬೇಕು" ಅಂದಿತು ಕೋಳಿ.

"ಸಣ್ಣಗಿರಬೇಕು" ಅಂದವು ಮರಿಗಳು.

"ಕೆಂಪಗಿರಬೇಕು."

"ಕೆಂಪಗಿರಬೇಕು."

"ನೆಲದ ಮೇಲೆ ಬಿದ್ದಿರಬೇಕು. ಅದು ರಾಗಿ. ತಿನ್ನಿ."

ಎಲ್ಲರಿಗಿಂತ ಮೊದಲು ಒಪ್ಪಿಸುತ್ತಿದ್ದದ್ದು ದೊಡ್ಡ ಮರಿ ಚೂಟಿ. ಕೊನೆಯ ಮರಿ ಕುಳ್ಳಿಗೆ ಮಾತ್ರ ಒಂದು ದಿನವೂ ಸರಿಬರಲಿಲ್ಲ.

"ನೆಲ ಕೆಂಪಗಿರಬೇಕು" ಅಂದಿತು ಕುಳ್ಳಿ.

"ನಿನ್ನ ತಲೇಲಿ ಏನೇ ತುಂಬಿದೆ?"

"ಹೊಟ್ಟೆ ಹಸಿವು, ಅವ್ವಾ."

ಆ ದಾರಿಯಲ್ಲಿ ಹೋಗುತ್ತಿದ್ದ ಗಾಳಿ ನಕ್ಕಿತು. "ಏನಕ್ಕಾ, ಹಸಿದ ಮಕ್ಕಳಿಗೆ ಮಾತು ಬಡಿಸ್ತಾ ಇದ್ದೀಯ?"

"ಒಂದು ಕಡೆ ನಿಲ್ಲದವನಿಗೆ ಮಕ್ಕಳ ವಿಷಯ ಏನು ಗೊತ್ತು? ಹೋಗು, ಹೋಗು" ಅಂದಿತು ಕೋಳಿ. ಗಾಳಿ ಹೋಯಿತು.

ಅವತ್ತು ಪೊದೆಯ ಹತ್ತಿರ ಆನೆಯೊಂದು ಗುಲಗಂಜಿ ಬಳ್ಳಿ ತುಳಿದುಕೊಂಡು ಹೋಗಿತ್ತು. ಗುಲಗಂಜಿ ವಿಷ. ಒಡೆದರಂತೂ ಕೇಳುವುದೇ ಬೇಡ. ಕಾಯಿ ಬಿರಿದು, ಬೀಜ ನುರಿದು, ಚೂರುಗಳು ಹರಡಿಕೊಂಡಿದ್ದವು. ಸಣ್ಣಗಿದ್ದವು. ಕೆಂಪಗಿದ್ದವು. ನೆಲದ ಮೇಲೆ ಬಿದ್ದಿದ್ದವು.

ಚೂಟಿ ಪಾಠವನ್ನು ಒಂದು ಸಲ ಹೇಳಿಕೊಂಡಿತು. ಎಲ್ಲೂ ತಪ್ಪಲಿಲ್ಲ. ತಿಂದಿತು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅದರ ಕತ್ತು ವಾಲಿತು. ಕೋಳಿ ಓಡಿ ಬರುವ ಹೊತ್ತಿಗೆ ಮುಗಿದುಹೋಗಿತ್ತು. ಕೋಳಿ ಮರಿಯ ಪಕ್ಕ ಬಿದ್ದಿದ್ದ ಕೆಂಪು ಚೂರನ್ನು ನೋಡಿತು.

ಮಾರನೆಯ ದಿನ ಕಲ್ಲು ಹತ್ತಿ ಪಾಠಕ್ಕೆ ಇನ್ನೊಂದು ಸಾಲು ಸೇರಿಸಿತು. "ಹೊಳೆಯಬಾರದು." ಅದರ ಮರುದಿನ ಇನ್ನೆರಡು. "ಮೂಲೆ ಇರಬಾರದು. ಪೊದೆಯ ಹತ್ತಿರ ಇರಬಾರದು." ಮೂರನೆಯ ದಿನಕ್ಕೆ ಪಾಠ ಎಷ್ಟು ಉದ್ದವಾಯಿತೆಂದರೆ, ಒಪ್ಪಿಸಿ ಮುಗಿಸುವಷ್ಟರಲ್ಲಿ ಬಿಸಿಲೇರುತ್ತಿತ್ತು.

ಮರಿಗಳು ರಾಗಿಯ ನಡುವೆಯೇ ನಿಂತು ಒಂದೊಂದು ಕಾಳಿಗೂ ಕತ್ತು ಬಗ್ಗಿಸಿ ಜಗಳವಾಡಿದವು.

"ಇದು ಹೊಳೀತಿದೆ ಕಣೋ, ಬೇಡ."

"ಅದು ಇಬ್ಬನಿ."

"ಇಬ್ಬನಿ ಆದರೇನು, ಹೊಳೀತಿದೆಯಲ್ಲ!"

ಯಾರೂ ತಿನ್ನಲಿಲ್ಲ. ಮೂರು ದಿನದ ಉಪವಾಸ. ಕುಳ್ಳಿ ಕಾಲು ಮಡಚಿಕೊಂಡು ಬಿದ್ದುಬಿಟ್ಟಿತು. ಮಿಕ್ಕವೂ ಇನ್ನೇನು ಬೀಳುವ ಹಾಗಿದ್ದವು.

ಗಾಳಿ ಮತ್ತೆ ಬಂತು. ಈ ಸಲ ನಗಲಿಲ್ಲ. "ಅಕ್ಕಾ, ನಾನು ಜೋರಾಗಿ ಉಸಿರು ಬಿಟ್ಟರೆ ಹತ್ತೂ ಹಾರಿಹೋಗ್ತವೆ. ತಿನ್ನೋಕೆ ಏನಾದರೂ ಕೊಡು."

"ಎಲ್ಲಾ ಹೇಳಿದ್ದೀನಲ್ಲ!"

"ಹೇಳಿದ್ದೀಯ, ಹೌದು" ಅಂತ ಗಾಳಿ ಮುಂದೆ ಹೋಯಿತು.

ಕೋಳಿ ಕಲ್ಲಿನಿಂದ ಇಳಿಯಿತು. ಮೂರು ದಿನದಿಂದ ಅದೂ ತಿಂದಿರಲಿಲ್ಲ. ಕಾಲಲ್ಲಿ ಮಣ್ಣು ಕೆದರಿ ಒಂದು ರಾಗಿಕಾಳು ಎತ್ತಿಕೊಂಡಿತು. ನುಂಗಬೇಕು ಅನ್ನುವಷ್ಟರಲ್ಲಿ ಕುಳ್ಳಿ ಕತ್ತೆತ್ತಿ ಅದರ ಕೊಕ್ಕನ್ನೇ ನೋಡಿತು.

"ಅವ್ವಾ, ಬಾಯಲ್ಲಿ ಏನದು?"

ಇದೇ ರಾಗಿ ಕಣೇ ಅನ್ನಲು ಕೋಳಿ ಬಾಯಿ ತೆರೆಯಿತು. ಕಾಳು ಜಾರಿತು. ಮಾತು ಬರಲಿಲ್ಲ, "ಕುಕ್" ಅಂತ ಸದ್ದು ಮಾತ್ರ ಬಂತು. ಕಾಳು ಕುಳ್ಳಿಯ ಮುಂದೆ ಬಿತ್ತು. ಕುಳ್ಳಿ ಗುಳುಂ ಅನ್ನಿಸಿತು.

"ಇದಾ? ಇಷ್ಟೇನಾ? ಇದು ನನಗೂ ಬರುತ್ತೆ!"

ಕೋಳಿ ಇನ್ನೊಂದು ಕಾಳು ಎತ್ತಿತು. ಈ ಸಲ ಬೇಕೆಂದೇ ಬಾಯಿ ಬಿಟ್ಟಿತು. ಕುಕ್. ಮತ್ತೊಂದು. ಕುಕ್ ಕುಕ್. ಮಿಕ್ಕ ಒಂಬತ್ತೂ ತೂರಾಡಿಕೊಂಡು ಬಂದವು.

ನಡುವೆ ಒಂದು ಮರಿ ಪೊದೆಯ ಕಡೆ ಹೋಗಿ ಕೆಂಪು ಚೂರೊಂದಕ್ಕೆ ಕೊಕ್ಕು ಚಾಚಿತು. ಕೋಳಿ ಪಾಠ ಹೇಳಲಿಲ್ಲ. ಅದರ ಹತ್ತಿರ ಓಡಿ ರಾಗಿ ಎತ್ತಿತು, ಹಾಕಿತು, ಎತ್ತಿತು, ಹಾಕಿತು. ಕುಕ್ ಕುಕ್ ಕುಕ್ ಕುಕ್! ಮರಿ ಚೂರನ್ನು ಅಲ್ಲೇ ಬಿಟ್ಟು ತಿರುಗಿತು.

ದೂರದ ಕಲ್ಲುಗಳ ಮೇಲಿಂದ ಬೇರೆ ಕೋಳಿಗಳು ನಕ್ಕವು. "ನೋಡ್ರೇ ಅವಳನ್ನ, ನುಂಗೋದನ್ನೇ ಮರೆತಿದ್ದಾಳೆ!" ಚುಕ್ಕಿಕೋಳಿ ತಲೆ ಎತ್ತಲಿಲ್ಲ. ಅದಕ್ಕೆ ಕೆಲಸವಿತ್ತು. ಬರಬರುತ್ತಾ ಆ ಕೋಳಿಗಳೂ ಒಂದೊಂದಾಗಿ ಕಲ್ಲಿಳಿದವು. ತಮ್ಮ ಮರಿಗಳ ಮುಂದೆ ಕಾಳು ಎತ್ತಿ ಹಾಕತೊಡಗಿದವು.

ಇವತ್ತಿಗೂ ಮರಿ ಮಾಡಿದ ಕೋಳಿ ಹಿತ್ತಿಲಲ್ಲಿ ಕಾಳು ಸಿಕ್ಕ ತಕ್ಷಣ ನುಂಗುವುದಿಲ್ಲ. ಕೊಕ್ಕಲ್ಲಿ ಎತ್ತುತ್ತದೆ, ಕುಕ್ ಕುಕ್ ಅಂತ ಕೆಳಗೆ ಹಾಕುತ್ತದೆ, ಮರಿ ಬಂದು ತಿನ್ನುವವರೆಗೂ ಎತ್ತಿ ಹಾಕುತ್ತಲೇ ಇರುತ್ತದೆ.