ಕೊನೆಯ ತಟ್ಟೆ ತುಂಬುವವರೆಗೆ

ನನ್ನ ಸೌಟಿಗೆ ಸಾಹೇಬರೂ ಹೆದರ್ತಾರೆ ಅಂದ್ರೆ ನೀವು ನಂಬಲ್ಲ, ಬಿಡಿ. ನಮ್ಮೂರ ಶಾಲೆಯ ಬಿಸಿಯೂಟದ ಅಡುಗೆಯವನು ನಾನೇ.

ಅವತ್ತು ತಪಾಸಣೆಗೆ ಬಂದ ಸಾಹೇಬರು ಗುಡುಗಿದರು: "ಮಕ್ಕಳಿಗೆ ಏನು ನಡತೆ ಕಲಿಸಿದ್ದೀರಿ? ಈಗಲೇ ತೋರಿಸಿ. ಇಲ್ಲಾಂದ್ರೆ ನಿಮಗೆ ವರ್ಗಾವಣೆ!"

ಶಾಂತವೀರಮ್ಮ ಟೀಚರ್ ಬೆವತುಹೋದರು. ನಾನು ಮೀಸೆ ತಿರುವಿ ಸೌಟು ಹಿಡಿದೆ.

"ಮೊದಲು ಊಟ ಮಾಡಿ ಸಾರ್" ಅಂತ ಮಕ್ಕಳ ಸಾಲಿನಲ್ಲೇ ಕೂರಿಸಿ, ಅವರಿಗೇ ಮೊದಲು ಅನ್ನ ಸಾರು ಬಡಿಸಿದೆ. ಆಮೇಲೆ ಒಂದೊಂದೇ ತಟ್ಟೆಗೆ ಬಡಿಸುತ್ತಾ ಆಮೆಯಂತೆ ಮುಂದೆ ಹೋದೆ.

ಹಸಿದ ಸಾಹೇಬರು ತುತ್ತೆತ್ತಿದರು. ಮಕ್ಕಳೆಲ್ಲ ಕೈಕಟ್ಟಿ ಅವರನ್ನೇ ನೋಡಿದರು. ಪಕ್ಕದ ಪುಟ್ಟಿ ಮೆಲ್ಲಗೆ ಅಂದಳು: "ಸಾರ್, ಕೊನೆಯವರಿಗೂ ಬಡಿಸೋ ತನಕ ನಾವ್ಯಾರೂ ತಿನ್ನಲ್ಲ."

ತುತ್ತು ತಟ್ಟೆಗಿಳಿಯಿತು.

"ನಡತೆ ಕಾಣಿಸ್ತಾ ಸಾರ್?" ಅಂದೆ, ನಿಧಾನವಾಗಿ ಸಾರು ಕಲಕುತ್ತಾ.

"ಕಾಣಿಸ್ತು ಮಾರಾಯಾ! ಟೀಚರ್ ಇಲ್ಲೇ ಇರಲಿ, ನೀನು ಬೇಗ ಬಡಿಸು!"