ತಣ್ಣೀರುಗೂಡಿನ ಮಹಿಮೆ: ಸುಡುವ ಸುಣ್ಣದ ನಡುವೆ ನೀರು ಒಸರಿದ ವೃತ್ತಾಂತ

ಬಯಲುಸೀಮೆಯ ಪಾಳೆಯಗಾರರು ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದ ಪೂರ್ವಕಾಲದಲ್ಲಿ, ಇಂದು ಭಕ್ತಾದಿಗಳು ಬಸ್ಸಿನಿಂದಿಳಿದು ಬಾಟಲಿಗಳಲ್ಲಿ ನೀರು ತುಂಬಿಕೊಳ್ಳುವ ಈ ಬೆಳ್ಗಲ್ಲುಗುಡ್ಡದ ತಪ್ಪಲು ಕಳ್ಳಿಕಂಟಿಗಳಿಂದಾವೃತವಾದ ನಿರ್ಜಲಸ್ಥಾನವಾಗಿದ್ದು, ಗುಡ್ಡದ ಕಲ್ಲನ್ನಗೆದು, ಗೂಡಿನಲ್ಲಿಟ್ಟು ಸುಟ್ಟು, ಕೋಟೆಕೊತ್ತಲಗಳಿಗೂ ಮನೆಮಠಗಳಿಗೂ ಸುಣ್ಣ ಒದಗಿಸುವ ಶ್ರಮಜೀವಿಗಳಿಗೆ ಮಾತ್ರ ಆಶ್ರಯವನ್ನಿತ್ತಿತ್ತು. ದೇಶಾಂತರದಿಂದ ಬಂದು, ಕಾವಿಯುಟ್ಟು, ಕನ್ನಡ ಕಲಿತು, ವರ್ಷಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಬಂದುಹೋಗುತ್ತಿದ್ದ ದೊಡ್ಡಸ್ವಾಮಿಗಳೆಂಬ ಗುರುವರ್ಯರು ಇಲ್ಲಿ ಪ್ರಭು ಯೇಸುಕ್ರಿಸ್ತರ ಶುಭಸಂದೇಶವನ್ನು ಬಿತ್ತಿದರೆ, ಅವರಿಲ್ಲದ ಹನ್ನೊಂದು ತಿಂಗಳು ಜಪತಪಗಳನ್ನು ನಡೆಸಿ ಆ ಬೆಳೆಯನ್ನು ಕಾಯುವ ಭಾರ ಉಪದೇಶಿ ಇನ್ನಾಸಪ್ಪನದಾಗಿತ್ತು.

ಇನ್ನಾಸಪ್ಪನು ನಿಷ್ಠಾವಂತ, ಉಪವಾಸವ್ರತಿ, ಅಸತ್ಯವನ್ನರಿಯದವ. ಆದರೆ ಆತನ ಅಂತಃಕರಣದಲ್ಲಿ ನರಕಾಗ್ನಿಯ ಹೊರತು ಬೇರೆ ದೀಪವಿರಲಿಲ್ಲ. ಬಾಲ್ಯದಿಂದಲೂ ಸುಣ್ಣದ ಗೂಡಿನ ಮುಂದೆ ಬೆಂದವನಾದ್ದರಿಂದ ಬೆಂಕಿಯೆಂದರೇನೆಂಬುದು ಆತನಿಗೆ ಗೊತ್ತಿತ್ತು. ಗೊತ್ತಿದ್ದುದನ್ನೇ ಆತ ಜನರಿಗೆ ಕಲಿಸಿದ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಕೊನೆಯ ಶುಕ್ರವಾರದಂದು, ಮೂರು ದಿನ ಉರಿದು ಜ್ವಾಲೆಯಡಗಿ, ಒಳಗಿನ ಕಲ್ಲುಗಳು ಇನ್ನೂ ಕೆಂಡಗೆಂಪಾಗಿರುವ ದೊಡ್ಡ ಗೂಡಿನ ಬಾಯಿಯನ್ನು ತೆರೆಸಿ, ದೊಡ್ಡಸ್ವಾಮಿಗಳು ಬಂದಾಗ ಜ್ಞಾನಸ್ನಾನ ಪಡೆಯಬೇಕೆಂದಿರುವವರನ್ನು ಒಬ್ಬೊಬ್ಬರಾಗಿ ಅದರೆದುರು ನಿಲ್ಲಿಸಿ, ಮುಖದ ಕೂದಲು ಸೀಯುವಷ್ಟು ಹತ್ತಿರಕ್ಕೆ ಬಗ್ಗಿಸಿ, “ಇದಕ್ಕೆ ಅಂಜಿ ಶರಣಾದೆ” ಎಂದು ಮೂರು ಸಲ ಹೇಳಿಸುತ್ತಿದ್ದ. ಇದಕ್ಕೆ ಬಾಯಿದರ್ಶನವೆಂದು ಹೆಸರು. ಈ ಪದ್ಧತಿಯಿಂದ ಹದಿನಾರು ವರ್ಷಗಳಲ್ಲಿ ಮುನ್ನೂರು ಜನ ಸಭೆಗೆ ಸೇರಿದರು. ಒಬ್ಬನಾದರೂ ಭಾನುವಾರದ ಜಪ ತಪ್ಪಿಸುತ್ತಿರಲಿಲ್ಲ. ದೊಡ್ಡಸ್ವಾಮಿಗಳು ಇದನ್ನು ಕಂಡು ಹರ್ಷಿಸಿ, ಇಂಥ ಶಿಸ್ತಿನ ಸಭೆ ಬೇರೆಲ್ಲೂ ಇಲ್ಲವೆಂದರಂತೆ. ಬಾಯಿದರ್ಶನದ ಸುದ್ದಿಯನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಗುಡ್ಡದಿಂದ ಗೂಡಿಗೆ ಕತ್ತೆಗಳ ಮೇಲೆ ಕಲ್ಲು ಹೇರಿ ತರುತ್ತಿದ್ದ ಹೊನ್ನೀರಿಯೆಂಬ ನಡುವಯಸ್ಸಿನ ಹೆಂಗಸೊಬ್ಬಳು ಜ್ಞಾನಸ್ನಾನಕ್ಕಾಗಿ ಮೂರು ವರ್ಷ ಮೊರೆಯಿಟ್ಟಳು. ಮೂರು ವರ್ಷವೂ ಇನ್ನಾಸಪ್ಪ ಆಕೆಯನ್ನು ಹಿಂದಕ್ಕೆ ಕಳಿಸಿದ. ಆಕೆಗೆ ಮಂತ್ರಗಳೆಲ್ಲ ಬಾಯಿಪಾಠ. ನಡತೆಯಲ್ಲಿ ಎಳ್ಳಷ್ಟು ಕುಂದಿಲ್ಲ. ಗೂಡಿನೆದುರು ನಿಲ್ಲಿಸಿದಾಗ ಮಾತ್ರ ಆ ಮೂರು ಪದಗಳು ಅವಳ ನಾಲಿಗೆಯ ಮೇಲೆ ಬರುತ್ತಿರಲಿಲ್ಲ. ದೊಡ್ಡಸ್ವಾಮಿಗಳು ಒಮ್ಮೆ ಆಲದ ನೆರಳಲ್ಲಿ ಬುತ್ತಿ ಬಿಚ್ಚುತ್ತ ಹೇಳಿದ ಒಂದು ಕಥೆ ಅವಳ ಮನಸ್ಸನ್ನು ಹಿಡಿದಿತ್ತು. ಶಿಲುಬೆಯ ಹೊತ್ತಿಗೆ ತನ್ನನ್ನು ಬಿಟ್ಟು ಓಡಿದ ಶಿಷ್ಯರಿಗೆ, ಪುನರುತ್ಥಾನಾನಂತರ, ಪ್ರಭುವು ತಾನೇ ಸರೋವರದ ದಡದಲ್ಲಿ ಬೆಂಕಿ ಮಾಡಿ, ಮೀನು ಸುಟ್ಟು, ಬನ್ನಿ ಊಟ ಮಾಡಿ ಎಂದು ಕರೆದ ಕಥೆ ಅದು.

“ಬುದ್ದೀ, ಉಣ್ಣಾಕೆ ಕರೆದೋರ ಮನೆಗೆ ಯಾರಾದ್ರೂ ಅಂಜ್ಕೊಂಡು ಹೋಯ್ತಾರಾ?” ಎಂದಳು ಹೊನ್ನೀರಿ, ಮೂರನೆಯ ವರ್ಷ. “ಆಸೆ ಐತೆ, ಬತ್ತೀನಿ. ಅಂಜಿಕೆ ಐತೆ ಅಂತ ಸುಳ್ಳು ಹೆಂಗ್ ಹೇಳ್ಲಿ?”

“ಅಂಜಿಕೆ ಇಲ್ದೋಳಿಗೆ ದೇವ್ರೂ ಇಲ್ಲ. ಕತ್ತೆ ಹೊಡ್ಕೊಂಡು ಹೋಗು,” ಎಂದ ಇನ್ನಾಸಪ್ಪ. ಸುತ್ತಲಿದ್ದವರು ನಕ್ಕರು. ಸಂತಾನವಿಲ್ಲದ, ಗಂಡನಿಲ್ಲದ ಆ ಹೆಂಗಸಿಗೆ ಆ ಪಂಕ್ತಿಯಲ್ಲೊಂದು ಜಾಗ ಬೇಕಿತ್ತು, ಅಷ್ಟೆ. ಅದೂ ಸಿಗಲಿಲ್ಲವೆಂದು ಈ ಕ್ಷೇತ್ರದ ಪುಸ್ತಿಕೆ ಬರೆಯುವ ನಾನು ಇಲ್ಲಿ ದಾಖಲಿಸಬೇಕಾಗಿದೆ.

ನಾಲ್ಕನೆಯ ವರ್ಷದ ಬಾಯಿದರ್ಶನದ ದಿನ, ನೆತ್ತಿಯ ಮೇಲೆ ಸೂರ್ಯನಿರಲಾಗಿ, ಮುನ್ನೂರು ಜನರೂ ಗೂಡಿನ ಸುತ್ತ ಮೊಣಕಾಲೂರಿರಲಾಗಿ, ಇನ್ನಾಸಪ್ಪನು ಎಂದಿನಂತೆ ಬೆಂಕಿಯ ಭೀಕರತೆಯನ್ನು ತೋರಿಸಲೆಂದು ಒಂದು ಹೆಜ್ಜೆಯನ್ನು ಗೂಡಿನ ಹೊಸ್ತಿಲೊಳಗಿಟ್ಟು, ಕೈಯೆತ್ತಿ, “ಈ ಬಾಯಿ ಹಿಡಿದವರನ್ನು ಬಿಡಿಸುವವರಿಲ್ಲ” ಎಂದು ನುಡಿಯುತ್ತಿರುವಾಗಲೇ, ಶಾಖದಿಂದ ಬಿರುಕುಬಿಟ್ಟಿದ್ದ, ಬಾಯಿಯ ಮೇಲಿನ ಹಾಸುಗಲ್ಲು ಕಳಚಿ, ಆತನನ್ನು ಕೆಡವಿ, ತೊಡೆಯ ಮೇಲೆ ಕೂತಿತು. ಅರ್ಧ ಶರೀರ ಒಳಗೆ, ಅರ್ಧ ಹೊರಗೆ. ಕಾಲಿನ ಕೆಳಗೆ ಕೆಂಡದಂಥ ಕಲ್ಲುಗಳು.

“ಎಳೀರಪ್ಪಾ! ಎಳೀರೋ ನನ್ನ!” ಎಂದು ಚೀರಿದ.

ಯಾರೂ ಅಲುಗಲಿಲ್ಲ. ಮಹಾಜನರೇ, ಗಮನಿಸಬೇಕು: ಯಾರೂ ಅಲುಗಲಿಲ್ಲ. ಅವರು ಕ್ರೂರಿಗಳಲ್ಲ, ಬೇರೆ ದಿನ, ಬೇರೆ ಗೂಡಿನಲ್ಲಿ, ಬೇರೆಯವರ ಕತ್ತೆ ಸಿಕ್ಕಿಬಿದ್ದಿದ್ದರೂ ಹಾರೆ ಹಿಡಿದು ನುಗ್ಗುವ ಗಟ್ಟಿ ಆಳುಗಳು. ಆದರೆ ಈ ಬಾಯಿ ನರಕದ ಬಾಯಿಯೆಂದು ಹದಿನಾರು ವರ್ಷ ಕೇಳಿದವರಿಗೆ, ತಮ್ಮ ಕಣ್ಣೆದುರು ನಡೆದದ್ದು ಅಪಘಾತವೆಂದು ತೋರಲಿಲ್ಲ, ತೀರ್ಪೆಂದು ತೋರಿತು. ಉಪದೇಶಿಯ ಬಲಗೈಯಂತಿದ್ದ ಚೌರಪ್ಪನೆಂಬ ಗೂಡುಗಾರ ಎರಡಾಳಿನ ಶಕ್ತಿಯವನು. ಎದ್ದವನು ಮತ್ತೆ ಮೊಣಕಾಲೂರಿದ.

“ಉಪದೇಶಿಗಳೇ,” ಎಂದ, ಅಳುತ್ತಲೇ, “ದೇವ್ರು ಹಿಡ್ದದ್ನ ಬಿಡ್ಸೋಕೆ ಹೋದೋನೂ ಅದ್ರೊಳಗೇ ಬೀಳ್ತಾನೆ ಅಂತ ನೀವೇ ಹೇಳ್ಕೊಟ್ಟಿದ್ದು. ನಂಗೆ ಹೆಂಡ್ರು ಮಕ್ಕಳವ್ರೆ. ನಿಮ್ಮ ಆತ್ಮಕ್ಕೆ ಜಪ ಮಾಡ್ತೀವಿ, ತಡ್ಕೊಳಿ.”

ಮುನ್ನೂರು ಕೊರಳುಗಳು ಒಟ್ಟಿಗೆ ಜಪಸರ ಹೇಳತೊಡಗಿದವು. ಇನ್ನಾಸಪ್ಪ ಚೀರುತ್ತಿದ್ದ, ಅವರು ಇನ್ನಷ್ಟು ಗಟ್ಟಿಯಾಗಿ ಜಪಿಸಿದರು. ಆತನ ಸ್ವಂತ ಮಾತೇ ಹೀಗೆ ಮುನ್ನೂರು ಬಾಯಿಗಳಿಂದ ತಿರುಗಿ ಬಂತೆಂದು ಹಿರಿಯರಿಂದ ತಿಳಿದುಬರುತ್ತದೆ.

ಆಗ ದೂರದ ಕಳ್ಳಿಬೇಲಿಯ ಬಳಿ ಕತ್ತೆಗಳೊಡನೆ ನಿಂತಿದ್ದ ಹೊನ್ನೀರಿ ಓಡಿಬಂದು, ಮೊಣಕಾಲೂರಿದವರನ್ನು ದಾಟಿ, ಚೌರಪ್ಪನ ಪಕ್ಕದಲ್ಲಿದ್ದ ಹಾರೆಯನ್ನೆತ್ತಿಕೊಂಡು, ಬರಿಗಾಲಲ್ಲಿ ಗೂಡಿನೊಳಗೆ ಕಾಲಿಟ್ಟಳು. ಹಾಸುಗಲ್ಲಿನ ಅಡಿಗೆ ಹಾರೆ ಕೊಟ್ಟು ಮೀಟಿದಳು. ಒಂದು ಸಲಕ್ಕೆ ಏಳಲಿಲ್ಲ, ಎರಡನೆಯ ಸಲಕ್ಕೆ ಗೇಣುದ್ದ ಎದ್ದಿತು. “ತೆವಳ್ಕಳಿ ಬುದ್ದೀ, ತೆವಳ್ಕಳಿ!” ಎಂದಳು. ಇನ್ನಾಸಪ್ಪ ತೆವಳಿ ಹೊರಬಿದ್ದ. ಅವಳ ಕೈ ಸೋತು, ಕಲ್ಲು ಮತ್ತೆ ಕೂತು, ಕಾಲಡಿಯ ಚರ್ಮ ಸುಲಿದು, ಆ ಸಾಧ್ವಿ ಗೂಡಿನ ಒಳಗೇ ಕುಸಿದಳು.

ಜಪ ಆಗಲೂ ನಿಲ್ಲಲಿಲ್ಲ.

ಆ ಕ್ಷಣದಲ್ಲಿ, ಗೂಡಿನ ಗರ್ಭದಿಂದ, ಗುಡುಗಿನ ಆರ್ಭಟವಿಲ್ಲದೆ, ಪಕ್ಕದಲ್ಲಿ ಕುಳಿತವರು ಮಾತನಾಡಿದಂತೆ, ಒಂದು ದಿವ್ಯವಾಣಿ ಎಲ್ಲರ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು: “ಹೊರಗೆ ನಿಂತು ಯಾರನ್ನು ಕರೆಯುತ್ತಿರುವಿರಿ? ನಾನು ಒಳಗಿದ್ದೇನೆ.”

ಆ ಮಾತಿನ ಹಿಂದೆಯೇ ಹೊನ್ನೀರಿ ಬಿದ್ದಿದ್ದ ನೆಲದಿಂದ ನೀರು ಒಸರಿತು. ಸುಣ್ಣ ಸುಡುವವರು ಇದನ್ನು ಕಂಡು ಕಿರಿಚಿಕೊಂಡರು. ಸುಟ್ಟ ಸುಣ್ಣಗಲ್ಲಿನ ಮೇಲೆ ಚೊಂಬು ನೀರು ಬಿದ್ದರೂ ಅದು ಕೊತಕೊತ ಕುದಿದು, ಸಿಡಿದು, ಹತ್ತಿರವಿದ್ದವರ ಕಣ್ಣು ಕಳೆಯುತ್ತದೆಂಬುದು ಅವರ ಕಸುಬಿನ ಮೊದಲ ಪಾಠ. ಇಲ್ಲಿ ಗೂಡುಭರ್ತಿ ಸುಣ್ಣಗಲ್ಲಿನ ನಡುವೆ ನೀರು ಮೊಣಕಾಲು ಮಟ್ಟಕ್ಕೇರುತ್ತಿತ್ತು, ಒಂದು ಗುಳ್ಳೆಯೂ ಏಳಲಿಲ್ಲ. ಹೆಂಗಸು ಆ ನೀರಿನಲ್ಲಿ ಕಣ್ಣು ಬಿಟ್ಟಳು. ಚೌರಪ್ಪನು ಎದ್ದು, ಕಣ್ಣು ಮುಚ್ಚಿಕೊಂಡು ಒಳನುಗ್ಗಿ, ಆಕೆಯನ್ನು ಎತ್ತಿಕೊಂಡು ಬಂದ. “ತಣ್ಣಗೈತೆ,” ಎಂದನಂತೆ, ಮತ್ತೆ ಮತ್ತೆ, ಬುದ್ಧಿ ಕೆಟ್ಟವನ ಹಾಗೆ. “ಅಯ್ಯೋ, ತಣ್ಣಗೈತೆ ಕಣ್ರೋ.”

ಇನ್ನಾಸಪ್ಪ ಅಲ್ಲಿಯೇ, ಮುರಿದ ಕಾಲೆಳೆದುಕೊಂಡು, ಬೊಗಸೆಯಲ್ಲಿ ಆ ನೀರನ್ನು ಹಿಡಿದು, ಆಪತ್ಕಾಲದಲ್ಲಿ ಉಪದೇಶಿಗಿರುವ ಅಧಿಕಾರದಿಂದ ಹೊನ್ನೀರಿಗೆ ಜ್ಞಾನಸ್ನಾನವನ್ನಿತ್ತ. ಅಂಜಿಕೆಯ ಪ್ರಶ್ನೆ ಕೇಳಲಿಲ್ಲ. ಆಕೆ ಬದುಕಿದಳು. ನಡೆಯುವುದು ಮಾತ್ರ ಅಂದಿಗೇ ಮುಗಿಯಿತು.

ಪವಾಡವನ್ನು ಕಂಡ ಜನ ಇನ್ನಷ್ಟು ಭಕ್ತರಾದರೆಂದು ಬರೆದು ಈ ಪುಸ್ತಿಕೆಯನ್ನು ಮುಗಿಸಿದ್ದರೆ ಎಲ್ಲರಿಗೂ ಹಿತವಾಗುತ್ತಿತ್ತು. ನಡೆದದ್ದು ಬೇರೆ. ಅದರ ಮೂರನೆಯ ದಿನ, ಈಸ್ಟರ್ ಭಾನುವಾರ, ಇನ್ನಾಸಪ್ಪ ಮಂಚದ ಸಮೇತ ಜಪದ ಚಪ್ಪರಕ್ಕೆ ಹೊರಿಸಿಕೊಂಡು ಬಂದು, ಸಭೆಯ ಮುಂದೆ ಕೈಮುಗಿದ. “ನಿಮ್ಮನ್ನ ಬೆಂಕಿ ತೋರ್ಸಿ ತಂದೆ. ನನ್ನಿಂದ ತಪ್ಪಾಯ್ತು. ಹೆದರ್ಕೊಂಡು ಬಂದೋರೆಲ್ಲ ಮನೆಗೆ ಹೋಗ್ಬೋದು. ದೇವ್ರು ನಿಮ್ಗೇನೂ ಮಾಡಲ್ಲ, ನನ್ನಾಣೆ. ಮುಂದಿನ ಭಾನುವಾರ ಬರ್ಬೇಕು ಅನ್ಸಿದ್ರೆ ಮಾತ್ರ ಬನ್ನಿ.”

ಮುಂದಿನ ಭಾನುವಾರ ಆತ ಬೆಳಗಿನಿಂದ ದಾರಿ ನೋಡುತ್ತ ಮಲಗಿದ್ದ. ಬಿಸಿಲೇರಿತು. ಚಪ್ಪರ ಖಾಲಿ. ಹದಿನಾರು ವರ್ಷ, ಮುನ್ನೂರು ಜನ, ಒಂದು ವಾರದಲ್ಲಿ ಗಾಳಿಗೆ ಹೋಗಿದ್ದರು! ತಾನು ಕಟ್ಟಿದ್ದು ಸಭೆಯಲ್ಲವೆಂದೂ ಬೇಲಿಯೆಂದೂ ಆ ಬಡ ಉಪದೇಶಿ ಅರಿತದ್ದು ಅಂದೇ. ಕಡೆಗೆ ಚೌರಪ್ಪ ಹೊನ್ನೀರಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದ. ಅವರ ಹಿಂದೆ ಇನ್ನೂ ಐದು ಜನ.

“ಇಷ್ಟೇ ಜನಾನಾ?” ಎಂದ ಇನ್ನಾಸಪ್ಪ.

“ಇಷ್ಟೊಂದು ಜನ ಅವ್ರೆ ಬುದ್ದೀ,” ಎಂದಳು ಹೊನ್ನೀರಿ.

ಉಪದೇಶಿಯೂ ಸೇರಿ ಎಂಟು ಜನ. ಆ ಎಂಟು ಜನ ಗೂಡಿನ ಕಲ್ಲುಗಳನ್ನೇ ಬಿಚ್ಚಿ, ಒಸರುವ ನೀರಿನ ಪಕ್ಕದಲ್ಲಿ, ತಾವು ಕೂರುವಷ್ಟೇ ಅಳತೆಯ ದೇವಾಲಯವನ್ನು ಕಟ್ಟಿದರು. ಅದೇ ಇಂದು ತಾವು ಕಾಣುವ ತಣ್ಣೀರುಗೂಡು. ವರ್ಷಂಪ್ರತಿ ಸಹಸ್ರಾರು ಯಾತ್ರಿಕರು ಬಂದರೂ ಇದನ್ನು ದೊಡ್ಡದು ಮಾಡಿಲ್ಲ. ಮೊದಲ ಎಂಟು ಜನ ಒಳಗೆ, ಉಳಿದವರು ಬಯಲಲ್ಲಿ. ಈಸ್ಟರ್ ಕಳೆದ ಮೊದಲ ಭಾನುವಾರದ ಹಬ್ಬದಂದು ಗುರುಗಳು ಬಾಗಿಲಿಗೆ ಬಂದು, “ಹೆದರಿ ಬಂದವರು ಹೋಗಬಹುದು, ದೇವರು ಏನೂ ಮಾಡುವುದಿಲ್ಲ” ಎಂದು ಸಾರಿ, ಒಂದು ಜಪಸರ ಹೇಳುವಷ್ಟು ಹೊತ್ತು ಮೌನವಾಗಿ ಕಾಯುತ್ತಾರೆ. ಅನಂತರವೇ ಪೂಜೆ.

ಈ ಪುಸ್ತಿಕೆಯ ಹಿಂದಿನ ಎರಡು ಮುದ್ರಣಗಳಲ್ಲಿ, ಆ ಮೌನದಲ್ಲಿ ಯಾರೂ ಎದ್ದು ಹೋದದ್ದಿಲ್ಲವೆಂದು ನಾನು ಬರೆದಿದ್ದೆ. ಅದು ಸುಳ್ಳು. ಪ್ರತಿವರ್ಷವೂ ಒಬ್ಬಿಬ್ಬರು ಹೋಗುತ್ತಾರೆ. ಮೂವತ್ತೊಂದು ವರ್ಷ ಈ ಕ್ಷೇತ್ರದ ಉಸ್ತುವಾರಿ ನೋಡಿಕೊಂಡು, ಹಬ್ಬದ ದಿನ ಒಳಗಿನ ಎಂಟರಲ್ಲಿ ಒಬ್ಬನಾಗಿ ಕುಳಿತ ನಾನು, ಹೋದ ವರ್ಷ ಆ ಮಾತು ಕೇಳಿ, ಏಕೋ ತಿಳಿಯದು, ಎದ್ದೆ. ಎಪ್ಪತ್ತೆರಡು ವರ್ಷ ಒಂದು ಭಾನುವಾರವನ್ನೂ ತಪ್ಪಿಸದವನು, ತಪ್ಪಿಸಿದರೆ ಏನಾಗುವುದೋ ಎಂದೇ ತಪ್ಪಿಸದವನು, ಗೇಟು ದಾಟಿ ಬಸ್‌ ನಿಲ್ದಾಣದವರೆಗೆ ನಡೆದೆ. ಏನೂ ಆಗಲಿಲ್ಲ. ಊರಿನ ಬಸ್ಸು ನಿಂತಿತ್ತು, ಕಂಡಕ್ಟರು ಹತ್ತಿ ಎಂದ. ಹತ್ತಲಿಲ್ಲ. ಪೂಜೆಗೆ ಇರಬೇಕೆಂದು ಮನಸ್ಸಾಯಿತು. ಅಂಥ ಮನಸ್ಸು ನನಗಿದೆಯೆಂದು ಕಂಡು ಬೆಚ್ಚಿಬಿದ್ದೆ. ತಿರುಗಿ ಬರುವಷ್ಟರಲ್ಲಿ ಒಳಗೆ ನನ್ನ ಜಾಗದಲ್ಲಿ ಬೇರೆ ಯಾರೋ ಹೆಂಗಸು ಕೂತಿದ್ದಳು. ಬಯಲಲ್ಲಿ, ಬಿಸಿಲಲ್ಲಿ, ಜನರ ನಡುವೆ ನಿಂತು ಪೂಜೆ ಕಂಡೆ.